ಮನೆಗಾಡಿಯ ಹಿಂದೊಂದು ಹಗುರ ಕಾರು

ಹಿಲ್ಸ್‌ಬರೊ, ನಾರ್ತ್ ಡಕೋಟ
12 ಸೆಪ್ಟೆಂಬರ್ 1996

ಹಾರ್ಲನ್ ಭಾವ,

ಫೋನಿನಲ್ಲಿ ನಾನು ಕೂಗಿದ್ದು ಇಡೀ ಹಿಲ್ಸ್‌ಬರೊಗೆ ಕೇಳಿಸುತ್ತದೆ, ನಿನಗೊಬ್ಬನಿಗೇ ಕೇಳಿಸುವುದಿಲ್ಲ. ಜೀವಮಾನವೆಲ್ಲ ಗ್ಯಾರೇಜಿನಲ್ಲಿ ಇಂಜಿನ್ನುಗಳಿಗೆ ಕಿವಿ ಕೊಟ್ಟು ಕೊಟ್ಟು ಮನುಷ್ಯರಿಗೆ ಕೊಡಲು ನಿನ್ನ ಹತ್ತಿರ ಕಿವಿಯೇ ಉಳಿದಿಲ್ಲ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ.

ಈ ಚಳಿಗಾಲ ಆರ್ಡಿಸಳನ್ನು ಅರಿಝೋನಾದ ಮರುಭೂಮಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಿನ್ನ ತಂಗಿ ಮದುವೆಯಾದಾಗಿನಿಂದ ನನ್ನಲ್ಲಿ ಕೇಳಿದ್ದು ಒಂದೇ ಒಂದು, ಹಿಮ ಗೋರಿ ಹಾಕದ ಒಂದು ಜನವರಿ. ಪ್ರತಿ ವರ್ಷವೂ ಮುಂದಿನ ವರ್ಷ ನೋಡೋಣ ಎನ್ನುತ್ತಾ ಬಂದೆ. ಈ ಸಲ ನೋಡೇಬಿಡೋಣ ಅನ್ನಿಸಿತು.

ಸ್ಕೂಲಿನ ಮೇಷ್ಟ್ರೊಬ್ಬರಿಂದ ಹಳೆಯ ಮನೆಗಾಡಿ ಕೊಂಡಿದ್ದೇನೆ. ಪುಟ್ಟ ಜಪಾನೀ ಪಿಕಪ್ಪಿನ ಬೆನ್ನ ಮೇಲೆ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ಒಂದು ಪೆಟ್ಟಿಗೆ ಕೂರಿಸಿದ್ದಾರೆ, ಅಷ್ಟೆ. ನಾನು ಕಾಲುಚೀಲ ಹಾಕಿಕೊಳ್ಳಬೇಕೆಂದರೆ ಆರ್ಡಿಸ್ ಹೊರಗಿಳಿದು ನಿಲ್ಲಬೇಕು. ಅವಳಿಗೆ ಮಾತ್ರ ಅರಮನೆ ಸಿಕ್ಕಷ್ಟು ಖುಷಿ.

ಈಗ ವಿಷಯಕ್ಕೆ ಬರುತ್ತೇನೆ. ಈ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗಲು ಒಂದು ಸಣ್ಣ ಕಾರು ಬೇಕು. ಅಲ್ಲಿ ಬಿಡಾರ ಹೂಡಿದ ಮೇಲೆ ಒಂದು ಡಬ್ಬಿ ಹಾಲು ತರಲು ಇಡೀ ಮನೆಯನ್ನೇ ಮಡಚಿಕೊಂಡು ಪೇಟೆಗೆ ಹೋಗಲಾಗುತ್ತದೆಯೇ? ನಮ್ಮ ಹಳೆಯ ಕಾರು ಆನೆ, ಅದನ್ನು ಎಳೆಯಲು ಆಗದು. ಮೇಷ್ಟ್ರ ಪ್ರಕಾರ ಈ ಗಾಡಿ ಎಳೆಯಬಲ್ಲದ್ದು ಎರಡು ಸಾವಿರ ಪೌಂಡು ಮಾತ್ರ. ಅಷ್ಟು ಹಗುರದ್ದನ್ನು ನೀನೇ ಹುಡುಕಿಕೊಡು. ಇನ್ನೊಂದು, ಕಾರು ಆಟೋಮ್ಯಾಟಿಕ್ ಆಗಿರಬೇಕು, ಕ್ಲಚ್ಚು ಇರಕೂಡದು. ಆರ್ಡಿಸ್ ಒಬ್ಬಳೇ ಓಡಿಸುವಂತಿರಬೇಕು.

ಬೀಟ್ ಗೆಡ್ಡೆ ಕೊಯ್ಲು ಇನ್ನೇನು ಶುರುವಾಗುತ್ತದೆ. ಈ ವರ್ಷ ನಾನು ಟ್ರಕ್ಕು ಹತ್ತುವುದಿಲ್ಲ. ಬೆನ್ನು ನೋವು ಎಂದು ಈಗ ಹೊಲ ನೋಡಿಕೊಳ್ಳುವ ಅಣ್ಣನ ಮಗನಿಗೆ ಹೇಳಿದ್ದೇನೆ.

ನಿನ್ನ
ಎಲ್ಡನ್

*

ಕ್ರೂಕ್‌ಸ್ಟನ್, ಮಿನೆಸೋಟ
20 ಸೆಪ್ಟೆಂಬರ್ 1996

ಎಲ್ಡನ್,

ನೀನು ಕೇಳುತ್ತಿರುವ ಪ್ರಾಣಿಯನ್ನು ದೇವರು ಇನ್ನೂ ಸೃಷ್ಟಿ ಮಾಡಿಲ್ಲ.

ಆಟೋಮ್ಯಾಟಿಕ್ ಕಾರಿನ ನಾಲ್ಕೂ ಚಕ್ರಗಳನ್ನು ನೆಲಕ್ಕೆ ಬಿಟ್ಟು ಎಳೆದುಕೊಂಡು ಹೋದರೆ ಏನಾಗುತ್ತದೆ ಗೊತ್ತೇ? ಇಂಜಿನ್ ಓಡುತ್ತಿರುವುದಿಲ್ಲ, ಹಾಗಾಗಿ ಗೇರ್‌ಬಾಕ್ಸಿನೊಳಗೆ ಎಣ್ಣೆ ತಿರುಗುವುದಿಲ್ಲ. ಸೌತ್ ಡಕೋಟ ದಾಟುವಷ್ಟರಲ್ಲಿ ಒಳಗೆ ಒಣಗಿ ಸುಟ್ಟು ಕರಕಲು. ತಡೆದುಕೊಳ್ಳುವ ಒಂದೆರಡು ಕಾರುಗಳಿವೆ, ಆದರೆ ಅವು ಭಾರ, ಕಟ್ಟಿದರೆ ನಿನ್ನ ಬಡಪಾಯಿ ಗಾಡಿ ಬೆಟ್ಟ ಹತ್ತುವಾಗ ಕೈ ಮುಗಿದು ಕೂತುಬಿಡುತ್ತದೆ. ಮುಂದಿನ ಚಕ್ರಗಳನ್ನು ಎತ್ತಿಡುವ ಎರಡು ಚಕ್ರದ ಚಿಕ್ಕ ಗಾಡಿ ತರುತ್ತೇನೆ ಎನ್ನಬೇಡ. ಅದರ ಭಾರವೇ ಬೇರೆ.

ಗೇರಿನ ಕಾರಾದರೆ ಈ ರಗಳೆಯಿಲ್ಲ. ನ್ಯೂಟ್ರಲ್ಲಿಗೆ ಹಾಕು, ಎಳೆಯುವ ಸಲಾಕೆಗೆ ಸಿಕ್ಕಿಸು, ಹಸುವಿನ ಹಿಂದೆ ಕರು ಬಂದಂತೆ ಬರುತ್ತದೆ. ನಮ್ಮೂರಿನ ಔಷಧಿ ಅಂಗಡಿಯವನ ಹತ್ತಿರ ಒಂದು ಕೆಂಪು ಕಾರಿದೆ. ಮೂರೇ ಸಿಲಿಂಡರು, ಸಾವಿರದ ಎಂಟುನೂರು ಪೌಂಡಿನೊಳಗೆ ತೂಗುತ್ತದೆ. ಇಬ್ಬರು ಸೇರಿದರೆ ಒಂದು ಮೂಲೆ ಎತ್ತಬಹುದು. ನಿನಗೆ ಹೇಳಿ ಮಾಡಿಸಿದ್ದು.

ಆರ್ಡಿಸ್ ವಿಷಯ ಬಿಡು, ಅವಳು ಓಡಿಸುತ್ತಾಳೆ. ಎಷ್ಟಾದರೂ ನಮ್ಮನೆ ಹುಡುಗಿ.

ಹಾರ್ಲನ್

*

ಹಿಲ್ಸ್‌ಬರೊ
29 ಸೆಪ್ಟೆಂಬರ್ 1996

ಹಾರ್ಲನ್ ಭಾವ,

ನಿನ್ನ ಪಾಠ ಓದಿದೆ. ಗ್ಯಾರೇಜು ಮುಚ್ಚಿದರೂ ಬಾಯಿ ಮುಚ್ಚಿಲ್ಲ.

"ನಮ್ಮನೆ ಹುಡುಗಿ" ಎಂದು ಜಂಬ ಕೊಚ್ಚಬೇಡ. ನಮ್ಮ ಕಡೆಯ ಕೊಯ್ಲು ನಿನಗೆ ಗೊತ್ತೇ ಇದೆ. ನೆಲ ಹೆಪ್ಪುಗಟ್ಟುವ ಮುಂಚೆ ಗೆಡ್ಡೆಯನ್ನೆಲ್ಲ ಕಿತ್ತು ಸಾಗಿಸಬೇಕು, ಹಗಲೂ ರಾತ್ರಿ ಟ್ರಕ್ಕು ನಿಲ್ಲುವ ಹಾಗಿಲ್ಲ. ಕ್ಲಚ್ಚು ತುಳಿಯಲು ಬರುತ್ತದೆಂದು ಬಾಯಿಬಿಟ್ಟ ಯಾರನ್ನೂ ನಮ್ಮಪ್ಪ ಬಿಟ್ಟವನಲ್ಲ. ಪಾದ್ರಿಯ ಹೆಂಡತಿಯನ್ನೂ ಹತ್ತಿಸಿದ್ದ. ನಮ್ಮಮ್ಮ ಮೊಮ್ಮಕ್ಕಳನ್ನು ಕಂಡ ಮೇಲೂ ಓಡಿಸುತ್ತಿದ್ದಳು. ಆರ್ಡಿಸ್ ಹೊಸ ಸೊಸೆಯಾಗಿ ಬಂದ ವಾರವೇ ಅಪ್ಪ ಕೇಳಿದ್ದ, "ಟ್ರಕ್ ಓಡ್ಸೋಕೆ ಬರುತ್ತೇನಮ್ಮಾ?" ಎಂದು. ಅವಳು ತಟ್ಟೆ ಒರೆಸುತ್ತಾ, "ಅಯ್ಯೋ ಇಲ್ಲ ಮಾವ, ಗೇರಂದ್ರೆ ನಂಗೆ ಎದೆ ಡವಡವ ಅನ್ನುತ್ತೆ" ಎಂದಳು. ಅವತ್ತಿನಿಂದ ಇವತ್ತಿನವರೆಗೆ ಅವಳ ಕಾಲು ಕ್ಲಚ್ಚಿನ ಮೇಲೆ ಬಿದ್ದಿಲ್ಲ. ಅರವತ್ತೈದರಲ್ಲಿ ಕಲಿ ಎಂದರೆ ಕಲಿಯುತ್ತಾಳೆಯೇ?

ಗಾಡಿಗೆ ನೀರು ತುಂಬಿಸಿ, ಆರ್ಡಿಸಳ ಉಪ್ಪಿನಕಾಯಿ ಬಾಟಲಿಗಳನ್ನೂ ಹೇರಿ, ಬೀಟ್ ಸುರಿಯುವ ಕಟ್ಟೆಯ ತೂಕದ ಯಂತ್ರಕ್ಕೆ ಹತ್ತಿಸಿದ್ದೆ. ಅಲ್ಲಿ ಕೂತಿದ್ದ ಹುಡುಗಿ ಕಿಟಕಿಯಿಂದ ತಲೆ ಹಾಕಿ, "ಏನಜ್ಜಾ, ಎಷ್ಟು ಟನ್ ಗೆಡ್ಡೆ ತಂದಿದೀರಾ?" ಎಂದಳು. "ಎರಡೇ ಗೆಡ್ಡೆ ಕಣಮ್ಮಾ, ಒಂದು ಗಂಡು ಒಂದು ಹೆಣ್ಣು" ಎಂದೆ. ಅವಳು ನಕ್ಕಳು, ಯಂತ್ರ ನಗಲಿಲ್ಲ. ಮೇಷ್ಟ್ರು ಹೇಳಿದ್ದು ನಿಜ. ಒಂದು ಪೌಂಡು ಹೆಚ್ಚಿಗೆ ಹೇರುವಂತಿಲ್ಲ.

ಆದರೂ ಇನ್ನೊಮ್ಮೆ ಹುಡುಕು. ಆಟೋಮ್ಯಾಟಿಕ್ಕೇ ಬೇಕು. ಸುಮ್ಮನೆ ಹಟ ಮಾಡುತ್ತಿಲ್ಲ ನಾನು.

ಎಲ್ಡನ್

*

ಕ್ರೂಕ್‌ಸ್ಟನ್
6 ಅಕ್ಟೋಬರ್ 1996

ಎಲ್ಡನ್,

ಹಟವಲ್ಲದಿದ್ದರೆ ಮತ್ತೇನಪ್ಪಾ ಇದು? ಹಾಲು ತರಲು ನೀನು ಹೋಗು. ಬಟ್ಟೆ ಒಗೆಸಲು ನೀನೇ ಕರೆದುಕೊಂಡು ಹೋಗು. ಆರ್ಡಿಸ್ ಒಬ್ಬಳೇ ಓಡಿಸಬೇಕು, ಒಬ್ಬಳೇ ಓಡಿಸಬೇಕು ಎಂದು ಒಂದೇ ರಾಗ ಹಾಡುತ್ತೀಯಲ್ಲ, ನೀನೇನು ಅಲ್ಲಿ ಮಹಾರಾಜನ ಹಾಗೆ ಕಾಲು ಚಾಚಿಕೊಂಡು ಕೂರುತ್ತೀಯಾ? ಇಲ್ಲಾ, ಅಲ್ಲಿನ ನದಿ ದಂಡೆಯ ಜೂಜಿನ ಮನೆಗಳಲ್ಲಿ ಠಿಕಾಣಿ ಹೂಡಿ, ನಮ್ಮ ತಂಗಿಯನ್ನು ಒಬ್ಬಳನ್ನೇ ಊರಿಗೆ ಸಾಗಹಾಕುವ ಅಂದಾಜೇ? ಹೊಲ ಅಣ್ಣನ ಮಗನಿಗೆ ವಹಿಸಿದ್ದೇ ತಡ, ನಿನ್ನ ತಲೆ ತಿರುಗಿದೆ.

ಕೆಂಪು ಕಾರನ್ನು ಕೊಂಡಾಗಿದೆ. ಮುಂದಿನ ಬಂಪರಿನ ಹಿಂದೆ ಕಬ್ಬಿಣದ ಪಟ್ಟಿ ಬೆಸೆದು ಸಲಾಕೆ ಕೂರಿಸಿದ್ದೇನೆ, ಹಿಂದಿನ ದೀಪಗಳಿಗೆ ನಿನ್ನ ಗಾಡಿಯಿಂದಲೇ ಕರೆಂಟು ಬರುವಂತೆ ವೈರು ಎಳೆದಿದ್ದೇನೆ. ಉಡುಗೊರೆ ಎಂದುಕೊ. ಬಂದು ಒಯ್ಯಿ, ಬಾಯಿ ಮುಚ್ಚಿಕೊಂಡು.

ಹಾರ್ಲನ್

*

ಹಿಲ್ಸ್‌ಬರೊ
14 ಅಕ್ಟೋಬರ್ 1996

ಹಾರ್ಲನ್ ಭಾವ,

ಶನಿವಾರ ಕಾರು ಒಯ್ಯಲು ಬಂದಾಗ ನಿನಗೊಂದು ಮಾತು ಹೇಳಬೇಕೆಂದಿದ್ದೆ. ಆರ್ಡಿಸ್ ಪಕ್ಕದಲ್ಲೇ ಇದ್ದಳು. ನಿನಗೆ ಕೇಳಿಸಬೇಕೆಂದರೆ ಕೂಗಬೇಕು. ಇದು ಕೂಗಿ ಹೇಳುವ ವಿಷಯವಲ್ಲ.

ಆಗಸ್ಟಿನಲ್ಲಿ ಟೈರು ಕೊಳ್ಳಲು ಎಂದು ಹೇಳಿ ಫಾರ್ಗೋಗೆ ಹೋಗಿದ್ದೆ. ಹೋದದ್ದು ಆಸ್ಪತ್ರೆಗೆ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಲಿವರಿಗೂ ಹರಡಿದೆ. ಡಾಕ್ಟರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳಲಿಲ್ಲ. ಮುಂದಿನ ವಸಂತದ ಬಿತ್ತನೆಯವರೆಗೆ ಇರುವುದು ಅನುಮಾನವಂತೆ. ಔಷಧಿ ಹಾಕಿಸಿಕೊಂಡರೆ ಸ್ವಲ್ಪ ಮುಂದಕ್ಕೆ ತಳ್ಳಬಹುದು, ಆದರೆ ಆಸ್ಪತ್ರೆಗೆ ಅಂಟಿಕೊಂಡೇ ಇರಬೇಕು. ನಿನ್ನ ಹೆಂಡತಿ ಫರ್ನ್ ಕೊನೆಯ ಚಳಿಗಾಲವೆಲ್ಲ ಆಸ್ಪತ್ರೆಯ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗವನ್ನು ನೋಡುತ್ತಾ ಮಲಗಿದ್ದಳಲ್ಲ, ಅದು ನನ್ನ ಕಣ್ಣಿಗೆ ಕಟ್ಟಿದೆ. ಬೇಡ ಎಂದು ಬಂದೆ.

ಆರ್ಡಿಸಳಿಗೆ ಹೇಳಿಲ್ಲ. ಹೇಳಿದರೆ ಅವಳು ಕಟ್ಟಿದ ಗಂಟುಮೂಟೆ ಬಿಚ್ಚಿಟ್ಟು, ನನ್ನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಅವಳ ಒಂದು ಜನವರಿಯೂ ಹೋಗುತ್ತದೆ. ನೀನೂ ಹೇಳಬೇಡ. ನಿನ್ನ ಕೈ ಹಿಡಿದು ಕೇಳುತ್ತೇನೆ ಎಂದುಕೊ.

ಈಗ ಆ ಕಾರು ಯಾಕೆ ಎಂದು ತಿಳಿಯಿತಲ್ಲ? ಮನೆಗಾಡಿಯ ಸ್ಟೀರಿಂಗ್ ಮುಂದೆ ಅವಳು ಕೂರುವುದೇ ಇಲ್ಲ, ಅದರ ಅಗಲ ಕಂಡರೇ ಹೆದರುತ್ತಾಳೆ. ಅಷ್ಟು ದೂರದಲ್ಲಿ ನನಗೆ ಏನಾದರೂ ಆದರೆ ಅವಳು ತನ್ನಷ್ಟಕ್ಕೆ ತಾನು ಊರಿಗೆ ಬರುವಂತಿರಬೇಕು. ನೀನು ಬಸ್ಸು ಹತ್ತಿ ಓಡಿಬರಬೇಡ. ನೀನು ಬಂದರೆ ನೀನೇ ಓಡಿಸುತ್ತೀಯ, ಅವಳು ಪಕ್ಕದಲ್ಲಿ ಕೂರುತ್ತಾಳೆ. ಆಮೇಲೆ ಬದುಕಿರುವವರೆಗೂ ಯಾರಾದರೊಬ್ಬರ ಪಕ್ಕದಲ್ಲೇ ಕೂರುತ್ತಾಳೆ. ನನಗೆ ಅದು ಬೇಡ.

ಆಟೋಮ್ಯಾಟಿಕ್ ಸಿಗುವುದಿಲ್ಲ ಎಂದಮೇಲೆ ಸರಿ, ನಾನೇ ಅವಳಿಗೆ ಗೇರು ಕಲಿಸುತ್ತೇನೆ. ಅಲ್ಲಿ ಬೇಕಾದಷ್ಟು ಬಯಲಿದೆ. ಅವಳು ಕಲಿಯುವವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ. ಡಾಕ್ಟರಿಗೂ ಹಾಗೇ ಹೇಳಿದ್ದೇನೆ.

ಎಲ್ಡನ್

*

ಕ್ರೂಕ್‌ಸ್ಟನ್
19 ಅಕ್ಟೋಬರ್ 1996

ಎಲ್ಡನ್,

ಜೂಜಿನ ಮಾತು ಆಡಿದ ನನ್ನ ನಾಲಿಗೆಗೆ ಬೆಂಕಿ ಹಾಕ.

ಆರ್ಡಿಸಳಿಗೆ ಹೇಳುವುದಿಲ್ಲ.

ಪ್ರತಿ ಸಲ ಹೊರಡುವ ಮುನ್ನ ಕಾರು ನ್ಯೂಟ್ರಲ್ಲಿನಲ್ಲಿದೆಯೇ, ಹ್ಯಾಂಡ್‌ಬ್ರೇಕು ಇಳಿಸಿದೆಯೇ ನೋಡು. ಕೀಲಿಯನ್ನು ಒಂದು ಹಂತ ತಿರುಗಿಸಿಯೇ ಬಿಡು, ಇಲ್ಲದಿದ್ದರೆ ಸ್ಟೀರಿಂಗ್ ಬಿಗಿದುಕೊಂಡು ಟೈರು ಉಜ್ಜಿಹೋಗುತ್ತದೆ. ಕರು ಕಟ್ಟಿದ ಮೇಲೆ ಗಾಡಿಯನ್ನು ಹಿಂದಕ್ಕೆ ತೆಗೆಯಬೇಡ, ಒಂದು ಗಜ ಕೂಡ. ಸಲಾಕೆ ಬಾಗುತ್ತದೆ. ದಾರಿ ತಪ್ಪಿದರೆ ಮೊದಲು ಕಾರು ಬಿಚ್ಚು. ಗಾಡಿ ನಿಲ್ಲಿಸಿದಾಗಲೆಲ್ಲ ಚಕ್ರದ ನಡುವಿನ ಗುಂಬ ಮುಟ್ಟಿ ನೋಡು, ಕೈ ಸುಡುವಷ್ಟು ಬಿಸಿಯಿರಬಾರದು.

ಅವಳಿಗೆ ಕಲಿಸು. ತಾಳ್ಮೆಯಿಂದ ಕಲಿಸು.

ಹಾರ್ಲನ್

*

ಕ್ವಾರ್ಟ್‌ಸೈಟ್, ಅರಿಝೋನಾ
24 ನವೆಂಬರ್ 1996

ಹಾರ್ಲನ್ ಭಾವ,

ಬಂದು ತಲುಪಿದೆವು. ನಿನ್ನ ಕರು ದಾರಿಯುದ್ದಕ್ಕೂ ಒಂದು ಸಲವೂ ತಂಟೆ ಮಾಡಲಿಲ್ಲ. ಇಲ್ಲಿ ಕಲ್ಲು, ಮುಳ್ಳುಗಿಡ, ನಮ್ಮಂಥ ಬಿಳಿತಲೆಯ ಜನ. ಆರ್ಡಿಸ್ ಬೆಳಿಗ್ಗೆ ಎದ್ದು ಬರಿಗೈಯಲ್ಲಿ ಕಾಫಿ ಹಿಡಿದು ಹೊರಗೆ ಕೂರುತ್ತಾಳೆ. ಕೈಗವಸಿಲ್ಲದೆ, ನವೆಂಬರಿನಲ್ಲಿ! ದಿನಾ ಅದನ್ನೇ ಹೇಳುತ್ತಾಳೆ.

ಪಾಠ ಶುರುವಾಗಿದೆ. ಭಾವಾ, ನಿನ್ನ ತಂಗಿಯ ಕೈಯಲ್ಲಿ ಆ ಕಾರು ಕುದುರೆಮರಿಯಂತೆ ನೆಗೆಯುತ್ತದೆ. ಕ್ಲಚ್ಚು ಬಿಟ್ಟ ತಕ್ಷಣ ಧಡಕ್ ಎಂದು ಒಂದು ನೆಗೆತ, ಇಂಜಿನ್ ಆಫ್. ಮತ್ತೆ ಕೀಲಿ, ಮತ್ತೆ ನೆಗೆತ, ಮತ್ತೆ ಆಫ್. "ಇರೋದೇ ಎರಡು ಕಾಲು, ಮೂರು ಪೆಡಲ್ ಯಾಕಿಟ್ರು ಇವ್ರು?" ಎಂದು ನನ್ನ ಮೇಲೇ ರೇಗುತ್ತಾಳೆ. "ನಾನಿಟ್ಟಿದ್ದಲ್ಲ ಕಣೇ, ನಿಧಾನಕ್ಕೆ ಬಿಡು" ಎಂದರೆ, "ನಿಧಾನ ಅಂದ್ರೆ ಎಷ್ಟು ನಿಧಾನ? ಸರಿಯಾಗಿ ಹೇಳು" ಎನ್ನುತ್ತಾಳೆ. ಪಕ್ಕದ ಬಿಡಾರದ ಕೆನಡಾದ ದಂಪತಿಗಳು ಸಂಜೆ ಪಾಠದ ಹೊತ್ತಿಗೆ ಸರಿಯಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಆಫ್ ಆದಾಗಲೆಲ್ಲ ಚಪ್ಪಾಳೆ. ಆರ್ಡಿಸ್ ಕಿಟಕಿಯಿಂದ ಅವರಿಗೆ ತಲೆಬಾಗಿ ವಂದಿಸುತ್ತಾಳೆ. ನಾನು ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಒಂದು ಗುಟ್ಟಿನ ಮಾತು. ನಾನು ಸೊಂಟದ ಬೆಲ್ಟನ್ನು ಈಗಲೂ ಮೊದಲಿನ ತೂತಿಗೇ ಹಾಕುತ್ತಿದ್ದೇನೆ. ಪ್ಯಾಂಟುಗಳೂ ಸಡಿಲವಾಗಿಲ್ಲ. ಕರಗಿಹೋಗುತ್ತೀರಿ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರು ಹೇಳಿದ್ದೆಲ್ಲ ನಿಜವಾಗಬೇಕೆಂದೇನಿಲ್ಲವಲ್ಲ?

ಎಲ್ಡನ್

*

ಕ್ರೂಕ್‌ಸ್ಟನ್
5 ಡಿಸೆಂಬರ್ 1996

ಎಲ್ಡನ್,

ಕುದುರೆಮರಿಯ ಕಥೆಯನ್ನು ಮತ್ತೆ ಮತ್ತೆ ಓದಿದೆ. ಆರ್ಡಿಸ್ ಆಫ್ ಮಾಡುತ್ತಾಳಾ? ದಿನಾ? ಸ್ವಲ್ಪ ಹೊತ್ತು ಶೆಡ್ಡಿಗೆ ಹೋಗಿ ಒಬ್ಬನೇ ಕೂತು ಬಂದೆ. ಇಲ್ಲಿ ವಿಪರೀತ ಚಳಿ, ಕಣ್ಣಲ್ಲಿ ನೀರು ಬರುತ್ತದೆ.

ಬೆಲ್ಟಿನ ಸುದ್ದಿ ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಮೊದಲಿನ ತೂತೇ ಎಂದರೆ ಮೊದಲಿನ ಮನುಷ್ಯನೇ. ಡಾಕ್ಟರುಗಳಿಗೇನು, ಬಾನೆಟ್ ಎತ್ತಿ ನೋಡದೆ ಇಂಜಿನ್ ಹೋಯಿತು ಎನ್ನುವ ಮೆಕ್ಯಾನಿಕ್ಕುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಪಾಠಕ್ಕೆ ಅವಸರ ಮಾಡಬೇಡ. ಬರೀ ಬಯಲಲ್ಲಿ ಓಡಿಸಿದರೆ ಸಾಲದು. ಹಿಮ್ಮುಖ ಕಲಿಸು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು ಬಲು ಕಷ್ಟ, ಅದನ್ನು ಚೆನ್ನಾಗಿ ಕಲಿಸು. ಇಳಿಜಾರಿನಲ್ಲಿ ಗೇರು ಇಳಿಸುವುದು, ಗಾಳಿಯಲ್ಲಿ ಓಡಿಸುವುದು, ಟೈರು ಬದಲಿಸುವುದು. ಇದೆಲ್ಲ ಆಗಲು ವಸಂತವೇ ಬರುತ್ತದೆ. ಬರಲಿ.

ಹಾರ್ಲನ್

*

ಕ್ವಾರ್ಟ್‌ಸೈಟ್
7 ಜನವರಿ 1997

ಹಾರ್ಲನ್ ಭಾವ,

ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ.

ಆರ್ಡಿಸ್ ಕ್ರಿಸ್‌ಮಸ್ಸಿಗೆ ಈ ಅಂಗೈಯಗಲದ ಒಲೆಯ ಮೇಲೇ ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಬೇಯಿಸಿದಳು. ನನಗೆ ಅರ್ಧ ಇಳಿಯಿತು. ಹೊಟ್ಟೆಹುಣ್ಣು ಎಂದು ಅವಳಿಗೆ ಹೇಳಿದ್ದೇನೆ, ನಂಬಿದ್ದಾಳೆ.

ನಿನ್ನೆ ಒಂದು ಕೆಟ್ಟ ಕೆಲಸ ಮಾಡಿದೆ. ಮೊನ್ನೆ ಅವಳು ಏರಿನಲ್ಲಿ ನಿಲ್ಲಿಸಿ ಚೆನ್ನಾಗಿಯೇ ಹೊರಟಳು. ನಾನು ಎದೆಯ ಭಾರ ಇಳಿಸಿಕೊಂಡು, ಇನ್ನು ನಿನಗೆ ಬಂದ ಹಾಗೇ ಎಂದೆ. ನಿನ್ನೆ ಅದೇ ಏರಿನಲ್ಲಿ ಎಲ್ಲ ಮರೆತುಹೋದವಳಂತೆ ಆರು ಸಲ ಆಫ್ ಮಾಡಿದಳು. ನನಗೆ ನೋವು ಬೇರೆ. ತಡೆಯಲಾಗಲಿಲ್ಲ. "ನಿಂಗೆ ತಲೆ ಇದೆಯೇನೇ? ನಾನು ಎಷ್ಟು ದಿನ ಅಂತ ಪಕ್ಕದಲ್ಲಿ ಕೂತಿರ್ಲಿ?" ಎಂದು ಕೂಗಿಬಿಟ್ಟೆ. ಅವಳು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಕೆನಡಾದವರು ಕುರ್ಚಿ ಮಡಚಿಕೊಂಡು ಒಳಗೆ ಹೋದರು.

ಭಾವಾ, ಎಲ್ಲದರಲ್ಲೂ ಜಾಣೆಯಾದವಳು ಇದೊಂದರಲ್ಲಿ ಯಾಕಿಷ್ಟು ದಡ್ಡಿಯಾದಳು? ನನಗೆ ಭಯವಾಗುತ್ತಿದೆ. ನೋವಿಗೆ ಕೊಟ್ಟ ಮಾತ್ರೆಗಳನ್ನು ಸಲಕರಣೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ. ನುಂಗಿದರೆ ದಿನವೆಲ್ಲ ಮಂಪರು, ಪಾಠ ತಪ್ಪುತ್ತದೆ. ಅದಕ್ಕೇ ನುಂಗುತ್ತಿಲ್ಲ.

ಬೆಲ್ಟು ಮಾತ್ರ ಅದೇ ತೂತಿನಲ್ಲಿದೆ.

ಎಲ್ಡನ್

*

ಕ್ರೂಕ್‌ಸ್ಟನ್
14 ಜನವರಿ 1997

ಎಲ್ಡನ್,

ಅವಳನ್ನು ಬೈಯಬೇಡ. ನನ್ನನ್ನು ಬೇಕಾದರೆ ಬೈ, ಗೇರಿನ ಕಾರು ಕೊಡಿಸಿದವನು ನಾನು.

ನಿನಗೊಂದು ಮಾತು ಹೇಳಬೇಕೆಂದು ಶುರುಮಾಡಿ ಕಾಗದಗಳನ್ನು ಹರಿದು ಹಾಕುತ್ತಿದ್ದೇನೆ. ಹೇಳಿದರೆ ನಿನ್ನ ಭಯ ಹೋಗುತ್ತದೆ. ಆದರೆ ಭಯ ಹೋದರೆ ನೀನು ಏನು ಮಾಡುತ್ತೀಯೋ ಎಂದು ನನಗೆ ಭಯ. ಅದು ನಾನು ಹೇಳಬೇಕಾದ ಮಾತೂ ಅಲ್ಲ.

ಇಷ್ಟು ಮಾತ್ರ ನಂಬು. ಆರ್ಡಿಸ್ ಆ ಕಾರನ್ನು ಊರಿನವರೆಗೆ ಓಡಿಸಿಕೊಂಡು ಬರುತ್ತಾಳೆ. ಇದು ಮೆಕ್ಯಾನಿಕ್ಕಿನ ಮಾತಲ್ಲ, ಅವಳ ಅಣ್ಣನ ಮಾತು. ಆ ಮಾತ್ರೆ ನುಂಗಪ್ಪಾ.

ಹಾರ್ಲನ್

*

ನಾರ್ತ್ ಪ್ಲ್ಯಾಟ್, ನೆಬ್ರಾಸ್ಕ
20 ಫೆಬ್ರವರಿ 1997

ಅಣ್ಣಾ,

ನಿನ್ನ ಪಕ್ಕದ ಮನೆಗೆ ಫೋನು ಮಾಡಿ ತಿಳಿಸಿದ ಸುದ್ದಿಯನ್ನು ಅವರು ನಿನಗೆ ಚೀಟಿಯಲ್ಲಿ ಬರೆದು ತೋರಿಸಿರುತ್ತಾರೆ. ಹಿಮ ಬಿದ್ದು ರಸ್ತೆ ಮುಚ್ಚಿದ್ದಾರೆ, ನಾನು ಇಲ್ಲೊಂದು ಮೋಟೆಲಿನಲ್ಲಿ ಕೂತಿದ್ದೇನೆ. ಈ ಕಾಗದ ಮೊದಲು ತಲುಪುತ್ತದೋ ನಾನೋ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಮನೆಗೆ ಬಂದ ಮೇಲೆ ನಿನ್ನ ಕಿವಿಯ ಹತ್ತಿರ ಇದನ್ನೆಲ್ಲ ಕೂಗಿ ಹೇಳುವ ಶಕ್ತಿ ನನಗಿಲ್ಲ.

ನನ್ನ ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ನಿನಗೆ ಹೇಳಿದ್ದು ನೆನಪಿದೆಯಾ? "ಅಣ್ಣಾ, ನಂಗೆ ಟ್ರಕ್ ಓಡ್ಸೋಕೆ ಬರುತ್ತೆ ಅಂತ ಈ ಮನೆಯವ್ರ ಹತ್ರ ಬಾಯಿ ಬಿಡ್ಬೇಡ. ಗೊತ್ತಾದ್ರೆ ಸಾಯೋವರೆಗೂ ನನ್ನನ್ನ ಬೀಟ್ ಟ್ರಕ್ಕಿಂದ ಇಳಿಸಲ್ಲ." ನೀನು ಕೊಟ್ಟ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡೆ. ಅಪ್ಪನ ಹಳೆಯ ಟ್ರಕ್ಕಿನಲ್ಲಿ ನನಗೆ ಕ್ಲಚ್ಚು ಕಲಿಸಿದವನು ನೀನೇ. ನಾನಾಗ ಹದಿನಾಲ್ಕರ ಹುಡುಗಿ.

ಎಲ್ಡನ್ನಿನ ಕಾಯಿಲೆ ನನಗೆ ಅಕ್ಟೋಬರ್ ಶುರುವಿನಲ್ಲೇ ಗೊತ್ತಾಯಿತು. ಅವನು ಹೊಲದಲ್ಲಿದ್ದಾಗ ಆಸ್ಪತ್ರೆಯ ನರ್ಸು ಫೋನು ಮಾಡಿದ್ದಳು. "ನಿಮ್ಮೆಜಮಾನ್ರು ಮನಸ್ಸು ಬದಲಾಯಿಸಿದ್ರಾ? ಟ್ರೀಟ್‌ಮೆಂಟಿಗೆ ಇನ್ನೂ ಟೈಮಿದೆ" ಎಂದಳು. ಇಲ್ಲ, ಬದಲಾಯಿಸಿಲ್ಲ ಎಂದೆ. ಅವನು ಹೇಳುತ್ತಾನೇನೋ ಎಂದು ಕಾದೆ. ಅವನು ಹೇಳಲಿಲ್ಲ, ಕಾರು ಹುಡುಕುತ್ತಿದ್ದ. ನಿನ್ನ ಅಂಗಳದಲ್ಲಿ ಆ ಕೆಂಪು ಕಾರನ್ನೂ ಅವನು ನನ್ನ ಮುಖ ನೋಡಿದ ರೀತಿಯನ್ನೂ ಕಂಡಾಗ ಅದು ಯಾಕೆಂದು ಅರ್ಥವಾಯಿತು.

ಮೊದಲ ದಿನವೇ ನಿಜ ಹೇಳಿ ಓಡಿಸಿ ತೋರಿಸಬೇಕೆಂದಿದ್ದೆ. ಅವನು ಪಕ್ಕದಲ್ಲಿ ಕೂತು, "ನೋಡು ಆರ್ಡಿ, ನೀನು ಕಲಿಯೋವರೆಗೂ ನಂಗೆ ಬೇರೆ ಕೆಲಸ ಇಲ್ಲ" ಎಂದ. ನಾನು ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟೆ. ಕಾರು ನೆಗೆದು ಆಫ್ ಆಯಿತು. ಅವನು ನಕ್ಕ. ಆಮೇಲೆ ದಿನಾ ಆಫ್ ಮಾಡಿದೆ. ಕಲಿತುಬಿಟ್ಟರೆ ಹೊರಟುಹೋಗುತ್ತಾನೆ ಎಂದು ಆಫ್ ಮಾಡಿದೆ, ಅಣ್ಣಾ. ನಿನ್ನ ಕಾಗದಗಳಲ್ಲಿ ಪಾಠದ ಮಾತನ್ನಷ್ಟೇ ಅವನು ಓದಿ ಹೇಳುತ್ತಿದ್ದ. ಹಿಮ್ಮುಖ, ಏರು, ಇಳಿಜಾರು ಎಂದು ನೀನು ಪಾಠ ಉದ್ದ ಮಾಡುತ್ತಾ ಹೋದಾಗ ಅವನ ಕಾಯಿಲೆಯೂ ನನ್ನ ಆಟವೂ ನಿನಗೆ ತಿಳಿದಿದೆ ಎಂದು ಗೊತ್ತಾಯಿತು. ನಿನ್ನ ಕಾಲು ಮುಟ್ಟಬೇಕು ಅನ್ನಿಸಿತ್ತು.

ಬೆಲ್ಟಿನ ಬಗ್ಗೆ ಅವನು ನಿನಗೂ ಬರೆದಿರಬೇಕು. ಬಕ್ಕಲ್ಲಿನ ಕಡೆಯಿಂದ ಚರ್ಮವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಿದ್ದವಳು ನಾನು. ಮಧ್ಯಾಹ್ನ ಅವನು ಮಲಗಿದಾಗ ಪ್ಯಾಂಟುಗಳ ಸೊಂಟವನ್ನೂ ಒಳಗಿನಿಂದ ಹೊಲಿದು ಚಿಕ್ಕದು ಮಾಡುತ್ತಿದ್ದೆ. ಅವನು ಬೆಳಿಗ್ಗೆ ಬೆಲ್ಟು ಹಾಕಿಕೊಂಡು ಅದೇ ತೂತು ಎಂದು ನೋಡಿಕೊಳ್ಳುವಾಗ ಅವನ ಮುಖ ನೋಡಬೇಕಿತ್ತು ನೀನು.

ಜನವರಿ ಕೊನೆಯಲ್ಲಿ ಸಲಕರಣೆ ಪೆಟ್ಟಿಗೆಯಲ್ಲಿ ಆ ಮಾತ್ರೆಗಳು ಸಿಕ್ಕವು. ಒಂದೂ ಖರ್ಚಾಗಿರಲಿಲ್ಲ. ನನಗೆ ಕಲಿಸಲು ಎಚ್ಚರವಿರಬೇಕೆಂದು ಅವನು ಹಲ್ಲು ಕಚ್ಚಿಕೊಂಡು ನೋವು ತಿನ್ನುತ್ತಿದ್ದ. ನಾನು ಅವನನ್ನು ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ, ಹಿಂಸೆ ಕೊಡುತ್ತಿದ್ದೆ. ಆ ಪೆಟ್ಟಿಗೆಯ ಮುಂದೆ ಕೂತು ಎಷ್ಟು ಅತ್ತರೂ ಬೇರೆ ದಾರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವನನ್ನು ಕಂಬಳಿಯಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿದೆ. ಒಂದು ಜರ್ಕು ಇಲ್ಲದೆ ಹೊರಟೆ. ಒಂದು, ಎರಡು, ಮೂರು, ನಾಲ್ಕು. ಗುಡ್ಡ ಹತ್ತಿಸಿದೆ, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಟೆ. ಇಳಿಜಾರಿನಲ್ಲಿ ಗೇರು ಇಳಿಸುವಾಗ ನನಗೆ ಗೊತ್ತಿಲ್ಲದೆಯೇ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಆಕ್ಸಿಲರೇಟರು ಒತ್ತಿದೆ. ಹಳೆಯ ಬೀಟ್ ಟ್ರಕ್ಕುಗಳಿಗೆ ಹಾಗೆ ತುಳಿಯದಿದ್ದರೆ ಗೇರು ಬೀಳುತ್ತಿರಲಿಲ್ಲವಲ್ಲ. ಈ ಪುಟ್ಟ ಕಾರಿಗೆ ಅದೆಲ್ಲ ಬೇಕಿಲ್ಲ, ಯಾರೂ ಕಲಿಸುವುದೂ ಇಲ್ಲ.

ಎಲ್ಡನ್ ನನ್ನ ಕಾಲನ್ನೇ ನೋಡುತ್ತಿದ್ದ.

"ಇದನ್ನ ನಾನು ಕಲಿಸ್ಲಿಲ್ಲ" ಎಂದ.

ನಾನು ರಸ್ತೆ ನೋಡುತ್ತಿದ್ದೆ.

"ಗೇರಂದ್ರೆ ಎದೆ ಡವಡವ ಅನ್ನುತ್ತೆ ಅಂದಿದ್ದೆ ನಮ್ಮಪ್ಪಂಗೆ."

"ಅಂದಿದ್ದೆ."

"ನಲವತ್ತು ಕೊಯ್ಲು ತಪ್ಪಿಸ್ಕೊಂಡ್ಯಲ್ಲೇ, ಕಳ್ಳಿ!" ಎಂದು ನಗಲು ಹೋದ, ನೋವಾಗಿ ನಿಲ್ಲಿಸಿದ. ಪೇಟೆಯ ಹತ್ತಿರ ಬರುವಾಗ ಗೇರಿನ ಮೇಲಿದ್ದ ನನ್ನ ಕೈ ಮೇಲೆ ಕೈ ಇಟ್ಟ. "ಇನ್ನೊಂದೂ ಗೊತ್ತಿದೆ ಅಲ್ವಾ ನಿಂಗೆ?" ಎಂದ. ಹೂಂ ಎಂದೆ. "ಒಳ್ಳೇದಾಯ್ತು. ಸುಸ್ತಾಗಿತ್ತು ಕಣೇ ನಂಗೆ" ಎಂದ.

ಬಿಡಾರಕ್ಕೆ ಬಂದು ಮಾತ್ರೆ ನುಂಗಿಸಿದೆ. ಬೇಸರವಿಲ್ಲದೆ ನುಂಗಿದ. ಆಮೇಲಿನ ದಿನಗಳೆಲ್ಲ ಹೆಚ್ಚಾಗಿ ನಿದ್ದೆಯಲ್ಲೇ ಕಳೆದವು. ಎಚ್ಚರವಿದ್ದಾಗ ಬಾಗಿಲು ತೆರೆದಿಡಿಸಿ ಬಿಸಿಲು ನೋಡುತ್ತಿದ್ದ. ನಾವಿಬ್ಬರೂ ಮುಚ್ಚಿಡಲು ಏನೂ ಇಲ್ಲದೆ ಮಾತಾಡಿದೆವು, ಅಷ್ಟು ದಿನ ಸಿಕ್ಕಿತು. ಅವನು ಹೋದಾಗ ಹೊರಗೆ ಬಿಸಿಲಿತ್ತು, ಕೆನಡಾದವರು ನನ್ನ ಜೊತೆಗಿದ್ದರು. ಮನೆಗಾಡಿಯನ್ನು ಅವರಿಗೇ ಒಪ್ಪಿಸಿದ್ದೇನೆ, ಮಾರಿ ಹಣ ಕಳಿಸುತ್ತಾರೆ. ಎಲ್ಡನ್ನಿನ ಬೂದಿಯನ್ನು ಅವನ ಕೋಟಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿಟ್ಟು ಪಟ್ಟಿ ಬಿಗಿದಿದ್ದೇನೆ.

ನೀನು ಎದುರಿಗೆ ಬರಬೇಡ. ನಿನ್ನ ಗೇಟಿನವರೆಗೆ ನಾನೇ ಬರುತ್ತೇನೆ. ಕಾರು ಚೆನ್ನಾಗಿ ಓಡುತ್ತಿದೆ. ನಿನ್ನೆ ಮಾತ್ರ ಈ ಊರಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದಾಗ ಧಡಕ್ ಎಂದು ನೆಗೆದು ಆಫ್ ಆಗಿಬಿಟ್ಟಿತು. ಬೇಕೆಂದು ಮಾಡಿದ್ದಲ್ಲ ಅಣ್ಣಾ, ನಿಜವಾಗಿಯೇ ಕಾಲು ತಪ್ಪಿತು. ಹಿಂದಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ನಾನು ಕೀಲಿ ತಿರುಗಿಸಲಿಲ್ಲ. ಪಕ್ಕದ ಸೀಟಿನ ಕಡೆ ತಿರುಗಿ, ಅವನು ಬೈಯಲಿ ಎಂದು ಕಾಯುತ್ತಾ ಕೂತಿದ್ದೆ.

ನಿನ್ನ ತಂಗಿ
ಆರ್ಡಿಸ್